ಬತ್ತೆ ಅಂದ್ ಹೋದವ್ರೇ...

"ಸಾಕ್ ಮಗಾ... ಸಾಕ್, ನಿಲ್ಸ್!"

ಹಾಡುತ್ತಿದ್ದ ಮೋಕ್ಷಿತಾಳ ಬಾಯಿಗೆ ಯಾರದೋ ಕೈ ಅಡ್ಡ ಬಂದಿತ್ತು. ಒರಟು ಕೈ. ಉಪ್ಪು ಮೀನಿನ ವಾಸನೆ.

ಒಂದು ಕ್ಷಣ ಅವಳಿಗೆ ಏನೂ ಅರ್ಥವಾಗಲಿಲ್ಲ. ಬೈಂದೂರಿನ ಶಾಲಾ ಮೈದಾನ, ಯುವಕ ಮಂಡಲದ ವಾರ್ಷಿಕೋತ್ಸವ, ಸಂಜೆ ಏಳು ಗಂಟೆ, ಎದುರಿಗೆ ಕುರ್ಚಿ ಬಿಟ್ಟೆದ್ದು ಕುಣಿಯುತ್ತಿದ್ದ ಸಾವಿರ ಜನ... ಇದರ ನಡುವೆ ಮಾಸಿದ ನೀಲಿ ಸೀರೆಯ ಈ ಹೆಂಗಸು ಯಾವ ಮಾಯದಲ್ಲಿ ವೇದಿಕೆ ಹತ್ತಿದಳೋ!

"ಹ್ವಾಯ್, ಯಾರ್ ನೀವ್? ಎಂತ ಬೇಕಿತ್ತ್?" ಮೋಕ್ಷಿತಾ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಇದ್ ಕುಣುಕೆ ಕಟ್ಟಿದ್ ಹಾಡ್ ಅಲ್ಲ ಹೆಣ್ಣೇ..." ಹೆಂಗಸು ಅವಳ ತೋಳು ಹಿಡಿದಳು. "ಇದ್ ನನ್ ಹಾಡ್!"

ಮೈಕ್ ಆನ್ ಇತ್ತು. ಮಾತು ಇಡೀ ಮೈದಾನಕ್ಕೆ ಕೇಳಿತು.

ಪಾಪ, ತಲೆ ಸರಿ ಇಲ್ಲದವಳಿರಬೇಕು ಎಂದುಕೊಂಡಳು ಮೋಕ್ಷಿತಾ. ಇಂಥವರನ್ನು ಹೇಗೆ ಸಂಭಾಳಿಸಬೇಕೆಂದು ಅವಳಿಗೆ ಗೊತ್ತು. ಮೂರು ವರ್ಷ ವೇದಿಕೆ ಹತ್ತಿ ಇಳಿದವಳು ಅವಳು. ನಗುತ್ತಾ ಹೆಂಗಸಿನ ಹೆಗಲ ಮೇಲೆ ಕೈ ಹಾಕಿ, ಹಾಡು ಮುಂದುವರಿಸಲು ರಿದಂ ಪ್ಯಾಡ್ ಕಡೆಗೆ ಸನ್ನೆ ಮಾಡಿದಳು.

ಆದರೆ ಪ್ಯಾಡ್ ನಿಂತೇ ಹೋಗಿತ್ತು! ಪ್ಯಾಡ್ ನುಡಿಸುತ್ತಿದ್ದ ರತನ್ ಎದ್ದು ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಬ್ಬೀ..." ಎಂದ ಅವನು.

ಅಬ್ಬಿ! ಅಂದರೆ ತಾಯಿ! ಇವಳು... ರತನ್‌ನ ತಾಯಿ?!

ಹೆಂಗಸು ತಿರುಗಿ ನೋಡಿದಳು. ಮಗ ಅಲ್ಲಿರುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ ಎನ್ನುವುದು ಆ ನೋಟದಲ್ಲೇ ತಿಳಿಯುತ್ತಿತ್ತು. ಅವಳ ಕಣ್ಣು ಅವನ ಮುಖದಿಂದ ಇಳಿದು ಕೈಯಲ್ಲಿದ್ದ ಕೋಲುಗಳ ಮೇಲೆ ನಿಂತಿತು.

"ನೀನಾ...? ಇದಕ್ಕೆ ಹೀಂಗ್ ಬಡ್ದದ್ದ್ ನೀನಾ ಮಗಾ?"

ರತನ್ ಕೋಲುಗಳನ್ನು ಕೆಳಗಿಟ್ಟ. ತಾಯಿಯ ಕೈ ಹಿಡಿದು ವೇದಿಕೆ ಇಳಿದು ಹೋದ. ಮೋಕ್ಷಿತಾಳ ಕಡೆ ತಿರುಗಿಯೂ ನೋಡಲಿಲ್ಲ.

ಅವಳು ಸಾವಿರ ಜನರ ಎದುರು ಒಬ್ಬಳೇ ನಿಂತಿದ್ದಳು.

*

ಆ ಹಾಡಿನ ಕಥೆ ಓದುಗರಿಗೆ ಗೊತ್ತಾಗಬೇಕು.

ಬ್ರಹ್ಮಾವರದ ಮೋಕ್ಷಿತಾ ತಾನೇ ಬರೆದು ರಾಗ ಹಾಕಿ ಒಂಬತ್ತು ಹಾಡುಗಳನ್ನು ಯೂಟ್ಯೂಬಿಗೆ ಬಿಟ್ಟಿದ್ದಳು. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಮೇಲೊಂದು, ಬಂಗುಡೆ ಸಾರಿನ ಮೇಲೊಂದು, ಮುಂಬಯಿಯಿಂದ ರಜೆಗೆ ಬಂದ ಮಾವನ ಮೇಲೊಂದು. ಜನ ಕೇಳಿದರು, ನಕ್ಕರು, ಮರೆತರು. ಹೊಟ್ಟೆ ಬಟ್ಟೆ ಕಟ್ಟಿ ಬರೆದದ್ದು ಯಾರಿಗೂ ಬೇಡ!

ಹತ್ತನೆಯದು ಅವಳು ಬರೆದದ್ದಲ್ಲ. ಅವಳ ಅಜ್ಜಿ ಮೀನು ಕೊಯ್ಯುವಾಗ ಗುನುಗುತ್ತಿದ್ದ ಮೂರು ನುಡಿಗಳು. ಮೊದಲನೆಯದು ಹೀಗೆ:

*ಬತ್ತೆ ಅಂದ್ ಹೋದವ್ರೇ, ಎಲ್ಲಿದ್ರಿ ನೀವ್?*
*ಗಂಜಿ ಆರ್ತಾ ಬಂತ್, ಬನ್ನಿಯೇ ಬೇಗ!*
*ಹೊಸ ಸೀರಿ ಉಟ್ಕಂಡ್ ದಡದಂಗ್ ನಿಂತಿದ್ದೆ,*
*ಗುರ್ತ ಸಿಕ್ದಿದ್ರೆ ಹೆಸ್ರ್ ಹಿಡ್ದ್ ಕರ್ದ್ ಕಾಣಿ!*

ಹೊಸ ಮದುಮಗಳ ಹಾಡು, ಅದೆಷ್ಟು ಕಾಲದ್ದೋ ಎಂದುಕೊಂಡಳು ಮೋಕ್ಷಿತಾ. ಅಜ್ಜಿಯ ಬಾಯಿಂದ ಬಂದದ್ದೆಲ್ಲ ಅಜ್ಜಿಗಿಂತ ಹಳೆಯದು ಎಂದು ನಂಬುವುದು ಈ ಜಾನಪದ ಹಾಡುವವರಿಗೆ ಅಂಟಿದ ಜಾಡ್ಯ. ಬ್ರಹ್ಮಾವರದ ಪುಟ್ಟ ಸ್ಟುಡಿಯೋದಲ್ಲಿ ರತನ್ ಅದಕ್ಕೆ ಕುಣಿಯುವ ತಾಳ ಕೂರಿಸಿದ. ಹಾಡಿನ ಕೆಳಗೆ ಹೀಗೆ ಬಿತ್ತು: ಸಾಹಿತ್ಯ, ಜಾನಪದ. ಸಂಗೀತ, ರತನ್. ಗಾಯನ, ಮೋಕ್ಷಿತಾ.

ನಾಲ್ಕೇ ತಿಂಗಳು! ಮೆಹಂದಿ ಮನೆಗಳಲ್ಲಿ ಅದೇ ಹಾಡು, ಖಾಸಗಿ ಬಸ್ಸುಗಳಲ್ಲಿ ಅದೇ ಹಾಡು. 'ಹೊಸ ಸೀರಿ' ಎನ್ನುವ ಸಾಲು ಬಂದ ಕೂಡಲೇ ಹುಡುಗಿಯರು ಸೆರಗು ಹಿಡಿದು ಗಿರ್ರನೆ ತಿರುಗಿ ರೀಲ್ಸ್ ಮಾಡಿದರು. ಮುಂದಿನ ತಿಂಗಳು ಮುಂಬಯಿಯ ಕುಂದಾಪುರದವರ ಸಂಘದಲ್ಲಿ ಕಾರ್ಯಕ್ರಮ. ಅದೂ ಈ ಒಂದು ಹಾಡಿನ ದೆಸೆಯಿಂದಲೇ.

ಮತ್ತು ರತನ್...

ಎರಡು ವರ್ಷಗಳಿಂದ ಅವಳ ಪಕ್ಕದಲ್ಲಿ ಕೂತು ತಾಳ ಹಾಕುವ ಹುಡುಗ. ಮಾತು ಕಡಿಮೆ. ಅವಳ ಗಂಟಲು ಕಟ್ಟಿದರೆ ಕೇಳುವ ಮೊದಲೇ ಬಿಸಿ ನೀರು ತಂದಿಡುವವನು. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಊರಿಗೆಲ್ಲ ಗೊತ್ತಿತ್ತು!

ಅವಳನ್ನು ಚುಚ್ಚುತ್ತಿದ್ದದ್ದು ಒಂದೇ. ಕುಂದಾಪುರದ ಹತ್ತಿರ ಕೋಡಿಯಲ್ಲಿರುವ ತನ್ನ ಮನೆಗೆ ಕರೆಯುತ್ತೇನೆ ಎನ್ನುತ್ತಿದ್ದವನು ಈ ಹಾಡು ಬಂದ ಮೇಲೆ ಆ ಮಾತೇ ಎತ್ತಿರಲಿಲ್ಲ. ಸ್ಟೇಜಿನಲ್ಲಿ ಕುಣಿಯುವ ಹುಡುಗಿಯನ್ನು ತಾಯಿಗೆ ತೋರಿಸಲು ನಾಚಿಕೆಯೇನೋ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಳು.

ಈಗ ಕಾರಣ ಗೊತ್ತಾಯಿತು. ಅದು ನಾಚಿಕೆಗಿಂತ ಘೋರವಾಗಿತ್ತು!

*

ಮರುದಿನ ಬೆಳಗಾಗುವಷ್ಟರಲ್ಲಿ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು.

'ಬಡ ಹೆಂಗಸಿನ ಹಾಡು ಕದ್ದ ಗಾಯಕಿ!' 'ಮುಖಕ್ಕೆ ಪೌಡರ್, ಕೈಗೆ ಕಳ್ಳತನ!' ನಿನ್ನೆವರೆಗೆ ಹೃದಯದ ಚಿತ್ರ ಕಳಿಸುತ್ತಿದ್ದ ಜನವೇ ಇಂದು ಉಗಿಯುತ್ತಿತ್ತು. ಮುಂಬಯಿಯಿಂದಲೂ ಫೋನ್ ಬಂತು: "ವಿಷಯ ಎಂತದ್ದ್ ಅಂದ್ ತಿಳಿಲಿ, ಮತ್ತ್ ಕಾಂಬ."

ರತನ್‌ಗೆ ಹನ್ನೊಂದು ಸಲ ಕರೆ ಮಾಡಿದಳು. ಎತ್ತಲಿಲ್ಲ.

*ಇವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನಾನು ಅಜ್ಜಿಯ ಹಾಡು ಅಂತ ಕುಣಿಯುವಾಗ ಪಕ್ಕದಲ್ಲೇ ಕೂತು ಸುಮ್ಮನಿದ್ದ! ಅವನಿಗೆ ಹಾಡು ಗೆಲ್ಲಬೇಕಿತ್ತು, ಬಾಯಿ ಮಾತ್ರ ನನ್ನದು ಬೇಕಿತ್ತು. ಹಾಗಾದರೆ ಆ ಬಿಸಿ ನೀರು, ಆ ಕಾಳಜಿ... ಎಲ್ಲ ನಾಟಕವಾ?*

ಅತ್ತು ಅತ್ತು ಕಣ್ಣು ಬಾತುಕೊಂಡಿತ್ತು. ಹಾಡನ್ನೇ ಅಳಿಸಿಬಿಡೋಣ ಎಂದು ಫೋನ್ ತೆಗೆದಳು. ಊರೆಲ್ಲ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ಬೆರಳು ಅಲ್ಲೇ ನಿಂತಿತು. ಅಳಿಸಬೇಕೋ ಬೇಡವೋ ಎಂದು ಹೇಳಬೇಕಾದವರು ಒಬ್ಬರೇ. ಅವರು ಇರುವುದು ಕೋಡಿಯಲ್ಲಿ.

ಮುಖ ತೊಳೆದು, ಹಳೆಯ ಚೂಡಿದಾರ ಹಾಕಿಕೊಂಡು ಕುಂದಾಪುರದ ಬಸ್ ಹತ್ತಿದಳು. ಬಸ್ಸಿನಲ್ಲಿ ಅವಳದೇ ಹಾಡು ಬರುತ್ತಿತ್ತು. ದುಪಟ್ಟಾವನ್ನು ಮುಖಕ್ಕೆ ಎಳೆದುಕೊಂಡಳು.

*

ರತನ್‌ನ ತಾಯಿ ಬೆಳ್ಳಿಯ ಮನೆ ಕಡಲಿಗೆ ಬೆನ್ನು ಹಾಕಿ ನಿಂತ ಎರಡು ಕೋಣೆಯ ಹೆಂಚಿನ ಮನೆ. ಅಂಗಳದ ತುಂಬ ಬಲೆ ಹಾಸಿ ಮೀನು ಒಣಹಾಕಿತ್ತು. ಬೆಳ್ಳಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೀನು ಮಗುಚುತ್ತಿದ್ದಳು.

"ಅಮ್ಮಾ..."

ಬೆಳ್ಳಿ ತಲೆಯೆತ್ತಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು ಮೋಕ್ಷಿತಾ. ಆದರೆ ಬೈಗುಳ ಬರಲಿಲ್ಲ.

"ಬಿಸ್ಲಂಗೆ ನಿಲ್ಬೇಡ. ಜಗ್ಲಿ ಮೇಲ್ ಕೂಕೊ."

ಆ ಒಂದು ಮಾತಿಗೆ ಮೋಕ್ಷಿತಾಳ ಅಳು ಕಟ್ಟೆಯೊಡೆಯಿತು. "ನಾನ್ ಕದ್ದದ್ದಲ್ಲ ಅಮ್ಮಾ! ದೇವ್ರಾಣೆ! ನನ್ ಅಜ್ಜಿ ಹೇಳ್ತಿದ್ದದ್ದ್. ಅಜ್ಜಿ ಹೆಸ್ರ್ ಬಾಗಿ. ಕುಂದಾಪ್ರ ಮಾರ್ಕೆಟಂಗೆ ಮೀನ್ ಮಾರ್ತಿದ್ದಿತ್ತ್..."

ಬೆಳ್ಳಿಯ ಕೈಯಿಂದ ಮೀನು ಜಾರಿತು.

"ಬಾಗಕ್ಕನ ಮೊಮ್ಮಗಳಾ ನೀನ್?!"

"ನನ್ ಅಜ್ಜಿ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತಾ ಅಂದ್ರೆ! ನನ್ ಬುಟ್ಟಿ ಬಗಲಂಗೇ ಅವ್ಳ ಬುಟ್ಟಿ. ಗಿರಾಕಿ ಇಲ್ದಿದ್ ಹೊತ್ತಿಗೆ ನಾನ್ ಗುನುಗುದ್, ಅವ್ಳ್ ಕೇಂಬುದ್. ಮೂರ್ ವರ್ಷ ಕೇಂಡಳ್. ನಾನ್ ವರ್ಷಕ್ ಒಂದೇ ನುಡಿ ಕಟ್ಟುದ್ ಮಗಾ, ಅವ್ರ್ ಹೋದ್ ದಿನ. ಮೂರನೇ ನುಡಿ ಆದ್ ವರ್ಷ ಬಾಗಕ್ಕ ತೀರ್ಕಂಡಳ್."

ವರ್ಷಕ್ಕೊಂದು ನುಡಿ! ಜಾನಪದ ಎಂದು ಮೋಕ್ಷಿತಾ ಹೆಸರಿಟ್ಟ ಹಾಡಿಗೆ ಇನ್ನೂ ನುಡಿ ಹುಟ್ಟುತ್ತಲೇ ಇತ್ತು. ಕಟ್ಟಿದವಳು ಎದುರಿಗೇ ಕೂತಿದ್ದಳು.

"ಅವ್ರ್... ಅಂದ್ರೆ?"

"ರತನ್ ಅಪ್ಪಯ್ಯ. ಕುಷ್ಟ ಅಂದ್ ಹೆಸ್ರ್." ಬೆಳ್ಳಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೀನ್ ಹಾಡ್ತ್ಯಲ್ದಾ, ಹೊಸ ಸೀರಿ ಅಂದ್ ಹೇಳಿ. ಅದ್ ಎಂತ ಸೀರಿ ಅಂದ್ ಗೊತ್ತಿತ್ತಾ ನಿಂಗೆ?"

"ಮದಿ ಸೀರಿ... ಮದುಮಗಳದ್ದ್, ಅಲ್ದಾ?"

"ಬೊಜ್ಜದ್ ಸೀರಿ ಮಗಾ."

ಬೊಜ್ಜ! ಸತ್ತವರ ಹೆಸರಿನಲ್ಲಿ ಮಾಡುವ ಕಾರ್ಯ. ಅಂದು ವಿಧವೆಯಾದವಳಿಗೆ ತವರಿನವರು ತಂದು ಉಡಿಸುವ ಸೀರೆ!

"ದೋಣಿ ಮಗುಚ್ತ್. ಮೂರ್ ಜನ ಈಜ್ಕಂಡ್ ಬಂದ್ರ್. ಇವ್ರ್ ಬರ್ಲಿಲ್ಲೆ. ಹೆಣವೂ ಸಿಕ್ಲಿಲ್ಲೆ. ದರ್ಬೆಯಂಗೆ ಒಂದ್ ಗೊಂಬಿ ಮಾಡಿ ಸುಟ್ರ್. ಕುಂಕುಮ ಅಳ್ಸಿ, ಬಳಿ ಒಡ್ದ್, ಹೊಸ ಸೀರಿ ಉಡ್ಸಿದ್ರ್. ಅದ್ನೇ ಉಟ್ಕಂಡ್ ದಡಕ್ ಹೋಯಿ ನಿಂತೆ..." ಬೆಳ್ಳಿಯ ದನಿ ತಣ್ಣಗಿತ್ತು. "ಬೆಳಿಗ್ಗೆ ಹೋಪತಿಗೆ ಅವ್ರ್ ಕಂಡದ್ದ್ ಕೈತುಂಬ ಬಳಿ ಹಾಕಿದ್ ಬೆಳ್ಳಿನ. ಬೋಳ್ ಹಣಿಯ ಕಂಡ್ರೆ ಗುರ್ತ ಸಿಕ್ಕುದ್ ಹ್ಯಾಂಗೆ? ಅದಕ್ಕೇ ಹೆಸ್ರ್ ಹಿಡ್ದ್ ಕರ್ದ್ ಕಾಣಿ ಅಂದೆ."

ಅಯ್ಯೋ ದೇವರೇ!

ಸೆರಗು ಹಿಡಿದು ಗಿರಗಿರನೆ ತಿರುಗಿದ ಆ ಹುಡುಗಿಯರೆಲ್ಲ ಮೋಕ್ಷಿತಾಳ ಕಣ್ಣ ಮುಂದೆ ಬಂದರು. ಮದುಮಕ್ಕಳು, ಕಾಲೇಜಿನ ಹುಡುಗಿಯರು, ಮೂರು ವರ್ಷದ ಕೂಸುಗಳು. ಮೊಟ್ಟಮೊದಲು ತಿರುಗಿ ತೋರಿಸಿದವಳು ತಾನೇ! ಎರಡೂ ಕೈಗೆ ಹಸಿರು ಬಳೆ ತುಂಬಿಕೊಂಡು!

ಅವಳು ಬೆಳ್ಳಿಯ ಕಾಲ ಬುಡದಲ್ಲಿ ಕುಸಿದು ಕೂತಳು. "ತಪ್ಪಾಯ್ತ್ ಅಮ್ಮಾ... ದೊಡ್ಡ ತಪ್ಪಾಯ್ತ್. ಈಗ್ಳೇ ಆ ಹಾಡ್ ತೆಗೀತೆ. ನಿಮ್ಗೆ ನನ್ ಮೇಲ್ ಸಿಟ್ಟ್ ಬಂದದ್ದ್ ಸಮಾ ಇತ್ತ್."

"ಸಿಟ್ಟಲ್ಲ ಮಗಾ. ನಂಗ್ ಬಂದದ್ದ್ ಹೆದ್ರಿಕಿ."

"ಹೆದ್ರಿಕಿಯಾ?!"

"ಹದ್ನಾಲ್ಕ್ ವರ್ಷದಿಂದ ಇದೇ ಜಾಗದಂಗ್ ನಿಂತ್ ಕರೀತೆ, ಇಲ್ಲಿಗೇ ಬರ್ಲಿ ಅಂದ್. ಮೊನ್ನೆ ಬಗಲ್ ಮನಿ ಮೆಹಂದ್ಯಂಗೆ ನೀನ್ ಕರೂದ್ ಕೇಂತ್. ಬೈಂದೂರಂಗೂ ಕರೀತಳ್, ಬಸ್ಸಂಗೂ ಕರೀತಳ್, ಮುಂಬಯ್ಗೂ ಹೋಯಿ ಕರೀತಳ್ ಅಂಬ್ರ್. ಅದಕ್ಕೇ ನಿನ್ನ ನಿಲ್ಸುಕೆ ಬಂದೆ..." ಬೆಳ್ಳಿ ಮುಗ್ಧವಾಗಿ ಅವಳ ಮುಖ ನೋಡಿದಳು. "ಅವ್ರ್ ಯಾವ್ ಬದಿಗ್ ಬಪ್ಪುದ್ ಹೆಣ್ಣೇ?"

ಅಷ್ಟು ಮಾತು ಬಲ್ಲವಳು, ಒಂಬತ್ತು ಹಾಡು ಬರೆದವಳು, ಬಾಯಿಗೆ ಕೈ ಹಿಡಿದು ಬಿಕ್ಕಿದಳು.

*

"ಅವ್ಳ್ ತಪ್ಪ್ ಎಂತದ್ದೂ ಇಲ್ಲೆ ಅಬ್ಬಿ."

ರತನ್! ಮೀನು ಮಾರ್ಕೆಟಿಗೆ ಬುಟ್ಟಿ ಇಳಿಸಿ ಬಂದವನು ಅಂಗಳದ ಅಂಚಿನಲ್ಲಿ ನಿಂತಿದ್ದ. ಒಂದೇ ದಿನದಲ್ಲಿ ಬಾಡಿಹೋಗಿದ್ದ.

ಮೋಕ್ಷಿತಾ ಎದ್ದಳು. ದುಃಖವೆಲ್ಲ ಸಿಟ್ಟಾಗಿ ಉಕ್ಕಿತು.

"ನಿಂಗ್ ಮೊದ್ಲೇ ಗೊತ್ತಿತ್ತ್! ಸ್ಟುಡ್ಯದಂಗೆ ನಾನ್ ಮೊದಲ್ ಸಲ ಹಾಡಿದ್ ದಿನವೇ ಗೊತ್ತಿತ್ತ್, ಅಲ್ದಾ?"

"ಗೊತ್ತಿತ್ತ್."

"ಮತ್ತೆ ಎಂತಕೆ ಹೇಳ್ಲಿಲ್ಲೆ? ಅಬ್ಬಿ ದುಃಖಕ್ಕೆ ಡಿಜೆ ಬೀಟ್ ಹಾಕೂಕೆ ನಿಂಗ್ ಮನ್ಸಾರೂ ಹ್ಯಾಂಗ್ ಬಂತ್ ರತನ್? ನನ್ನ ಕಳ್ಳಿ ಮಾಡ್ದೆ. ಅದ್ ಹೋಯ್ಲಿ! ನಿನ್ ಅಬ್ಬಿನ..."

"ಅದ್ ಡಿಜೆ ಬೀಟ್ ಅಲ್ಲ ಮೋಕ್ಷಿ."

ಅವನು ಜಗಲಿಯ ಅಂಚಿಗೆ ಕೂತ. ಎರಡು ವರ್ಷದಲ್ಲಿ ಒಟ್ಟಿಗೆ ನಾಲ್ಕು ಮಾತಾಡದವನು ಅಂದು ಮಾತಾಡಿದ.

"ಅಪ್ಪಯ್ಯ ಹೋಪತಿಗೆ ನಂಗ್ ಹನ್ನೆರ್ಡ್ ವರ್ಷ. ದಿನಾ ಸಂಜಿಗೆ ಅಬ್ಬಿ ದಡಕ್ ಹೋತಿದ್ದಿತ್ತ್. ನಾನ್ ಇಲ್ಲೇ ಒಬ್ನೇ ಕೂಕಂಡಿರ್ತಿದ್ದೆ. ಹಾಡ್ ಕೇಂತಾ ಇದ್ರೆ ಅಬ್ಬಿ ಇದ್ದಳ್ ಅಂದ್ ಲೆಕ್ಕ. ಹಾಡ್ ನಿಂತ್ರೆ..." ಅವನು ಕಡಲಿನ ಕಡೆ ನೋಡಿದ. "ಹಾಡ್ ನಿಂತ್ರೆ ಅಬ್ಬಿಯೂ ಕಡ್ಲಿಗ್ ಇಳ್ದಳ್ ಅಂದೇ ನಂಗ್ ಕಾಂಬುದ್. ಅದಕ್ಕೇ ಹಾಡ್ ನಿಲ್ಲುಕಾಗ ಅಂದ್ ಊಟದ್ ಬಟ್ಲ್ ತಕಂಡ್ ಬಡೀತಿದ್ದೆ. ಜೋರ್ ಜೋರ್ ಬಡೀತಿದ್ದೆ. ಆ ಹಾಡಂಗ್ ಇಪ್ಪುದ್ ಅದೇ ತಾಳ."

ಮೋಕ್ಷಿತಾ ಅವನ ಕೈಗಳನ್ನೇ ನೋಡಿದಳು.

ಸಾವಿರಾರು ಜನ ಕುಣಿದ ಆ ತಾಳ... ಹನ್ನೆರಡು ವರ್ಷದ ಹುಡುಗ ತಾಯಿ ಸಾಯದಿರಲಿ ಎಂದು ಬಟ್ಟಲ ಮೇಲೆ ಬಡಿದ ತಾಳವೇ?!

"ಹಾಂಗಾರೂ ನಂಗ್ ಹೇಳ್ಬೇಕಿತ್ತ್," ಮೋಕ್ಷಿತಾಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

"ಹೇಳಿದ್ರೆ ನೀನ್ ಅತ್ಕಂಡ್ ಹಾಡ್ತಿದ್ದೆ. ಅತ್ಕಂಡ್ ಹಾಡುದ್ ನಾನ್ ಜನ್ಮಕ್ ಆಪಷ್ಟ್ ಕೇಂಡಿದೆ. ನೀನ್ ಆವತ್ತ್ ನೆಗಾಡ್ಕಂಡ್ ಹಾಡ್ದೆ ಕಾಣ್... ಆ ಹಾಡ್ ಕೇಂಡ್ ನಂಗ್ ಹೆದ್ರಿಕಿ ಆಗ್ದಿದ್ದದ್ದ್ ಅದೇ ಮೊದಲ್. ಆವತ್ತೇ ನಾನ್..."

"ಆವತ್ತೇ ನೀನ್ ಎಂತ?"

ಅವನು ತಲೆ ತಗ್ಗಿಸಿದ. "ತಪ್ಪ್ ನಂದೇ. ಅಬ್ಬಿನ್ ಕೇಣ್ಬೇಕಿತ್ತ್. ಹೇಳುಕೆ ಧೈರ್ಯ ಸಾಕಾಯ್ಲಿಲ್ಲೆ. ಮನಿಗ್ ಕರ್ಕ ಬಂದ್ರೆ ನೀನ್ ಗುನುಗುತೆ, ಅಬ್ಬಿಗ್ ಗೊತ್ತಾತ್ತ್ ಅಂದ್ ನಿನ್ನೂ ಕರೀಲಿಲ್ಲೆ."

ಇಬ್ಬರೂ ಮರೆತೇಬಿಟ್ಟಿದ್ದರು, ಬೆಳ್ಳಿ ಅಲ್ಲೇ ಇದ್ದಳು.

"ನಿಂಗ್ ಹೆದ್ರಿಕಿ ಆತಿದ್ದಿತ್ತಾ ಮಗಾ?"

ಅವಳ ಮುಖ ನೋಡಿ ಮೋಕ್ಷಿತಾ ಬೆಚ್ಚಿದಳು. ವೇದಿಕೆ ಹತ್ತಿ ಬಂದಾಗಲೂ ಹೀಗಿರಲಿಲ್ಲ ಆ ಮುಖ. ಬೆಳ್ಳಿ ಮಗನ ಹತ್ತಿರ ಬಂದು ಅವನ ತಲೆ ಹಿಡಿದು, ಯಾರೋ ಹೊಸಬನನ್ನು ನೋಡುವಂತೆ ನೋಡಿದಳು.

"ನಿನ್ನ್ ಬಿಟ್ಟ್ ನಾನ್ ಕಡ್ಲಿಗ್ ಇಳೂದಾ? ಅಯ್ಯೋ ನನ್ ಕರ್ಮವೇ... ಹೋದವ್ರನ್ನ ಹದ್ನಾಲ್ಕ್ ವರ್ಷ ಕರ್ದೆ. ಮನ್ಯಂಗ್ ಇದ್ದವ್ನನ್ನ ಒಂದಿನ ಬಗಲಿಗ್ ಕರ್ದ್ ಕೂರ್ಸ್ಕಣ್ಲಿಲ್ಲೆ!"

ಇಪ್ಪತ್ತಾರು ವರ್ಷದ ಗಂಡಸು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಮೋಕ್ಷಿತಾ ಬೇರೆ ಕಡೆ ತಿರುಗಿ ನಿಂತು, ಕಾಗೆ ಬಾರದಂತೆ ಮೀನು ಕಾಯ್ದಳು. ಮತ್ತೇನು ಮಾಡಬೇಕೆಂದು ಅವಳಿಗೂ ತೋಚಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಫೋನ್ ತೆಗೆದಳು. "ಅಮ್ಮಾ, ಹಾಡ್ ತೆಗೂದಾ?"

ಬೆಳ್ಳಿ ಮೂಗು ಒರೆಸಿಕೊಂಡಳು. "ತೆಗಿಬ್ಯಾಡ. ಅವ್ರ್ ಹೆಸ್ರ್ ಹಾಕ್. ಅಷ್ಟ್ ಊರಂಗ್ ಕರೂವತಿಗೆ ಯಾರನ್ನ ಕರೂದ್ ಅಂದ್ ಜನಕ್ಕ್ ಗೊತ್ತಾಯ್ಕಲೆ?"

ಮೋಕ್ಷಿತಾ 'ಜಾನಪದ' ಎನ್ನುವುದನ್ನು ಅಳಿಸಿದಳು. ಅದರ ಜಾಗದಲ್ಲಿ ಬರೆದಳು: *ಸಾಹಿತ್ಯ, ಕೋಡಿಯ ಬೆಳ್ಳಿ. ಕಡಲಿಗೆ ಹೋದ ಗಂಡ ಕುಷ್ಟನನ್ನು ಕರೆದದ್ದು.* ಆ ಸೀರೆ ಯಾವ ಸೀರೆ ಎನ್ನುವುದನ್ನೂ ಬರೆದಳು, ತಾನು ತಿಳಿಯದೆ ಮಾಡಿದ್ದನ್ನೂ ಬರೆದಳು. ಬೆಳ್ಳಿಗೆ ಓದಿ ಹೇಳಿದಳು. ಬೆಳ್ಳಿ ಎರಡು ಸಲ ಓದಿಸಿಕೊಂಡು ತಲೆಯಾಡಿಸಿದಳು.

"ಇನ್ ಒಳ್ಗ್ ಬನ್ನಿ. ಗಂಜಿ ಇತ್ತ್, ಮೀನ್ ಹುರೀತೆ," ಎನ್ನುತ್ತಾ ಒಳಗೆ ಹೋದಳು.

ಅಂಗಳದಲ್ಲಿ ಇಬ್ಬರೇ ಉಳಿದರು.

"ಮುಂಬಯ್ ಕಾರ್ಯಕ್ರಮ ಹೋಯ್ತೇನೋ," ಎಂದ ರತನ್ ಅಪರಾಧಿಯ ದನಿಯಲ್ಲಿ.

"ಹೋರೆ ಹೋಯ್ಲಿ. ನಂಗ್ ಬರೂಕ್ ಬತ್ತಿಲ್ಯಾ? ಹನ್ನೊಂದನೇ ಹಾಡ್ ಬರಿತೆ." ಅವಳು ಮೂಗೆಳೆದುಕೊಂಡಳು. "ನೀನ್ ಮಾತ್ ಅರ್ಧಕ್ ನಿಲ್ಸ್ದೆ. ಆವತ್ತೇ ನೀನ್ ಎಂತ?"

"ಆವತ್ತೇ... ಇವ್ಳ ಬಿಟ್ರೆ ಬೇರೆ ಯಾರೂ ಬ್ಯಾಡ ಅಂದ್ ಕಂಡ್ತ್."

"ಅದ್ನ ಹೇಳುಕೆ ಇಷ್ಟ್ ದಿನ ಬೇಕಾಯ್ತಾ ಮಾರಾಯಾ!"

"ಮೋಕ್ಷಿ... ನನ್ನ ಮದಿ ಆತ್ಯಾ?"

ಎದೆ ಧಸಕ್ಕೆಂದಿತು. ಎರಡು ದಿನದಲ್ಲಿ ಅಷ್ಟೊಂದು ಆಘಾತ ತಿಂದ ಎದೆ ಅದು. ಆದರೂ ಈ ಒಂದಕ್ಕೆ ಸಿದ್ಧವಾಗಿರಲಿಲ್ಲ!

"ಆತೆ. ಆದ್ರೆ ಒಂದ್ ಮಾತ್ ಕೊಡ್," ಅವಳು ಪಿಸುಗುಟ್ಟಿದಳು. "ನಮ್ ಮದಿ ಮನ್ಯಂಗೆ ಆ ಹಾಡ್ ಹಾಕೂಕಾಗ. ಅಬ್ಬಿ ಎದ್ರ್ ನನ್ನತ್ರ ಕೇಂಬುಕ್ ಆತಿಲ್ಲೆ."

ಅಡುಗೆಕೋಣೆಯಿಂದ ಮೀನು ಹುರಿಯುವ ಸದ್ದಿನ ಜೊತೆ ಬೆಳ್ಳಿಯ ದನಿ ಬಂತು.

"ಹಾಕುದ್ ಬ್ಯಾಡ. ನಾನೇ ಹಾಡ್ತೆ! ಈ ವರ್ಷದ್ ನುಡಿಯಂಗೆ ರತನ್ ಅಪ್ಪಯ್ಯಂಗ್ ಮದಿ ಕರಿಯೋಲೆ ಕೊಡ್ಬೇಕ್."

ಇಬ್ಬರೂ ಅಡುಗೆಕೋಣೆಯ ಕಡೆ ತಿರುಗಿದರು. ರತನ್‌ನ ಕಣ್ಣಲ್ಲಿ ಮತ್ತೆ ನೀರು.

"ಕೇಂತಾ? ಈಗ ಎಂತ ಹೇಳ್ತೆ?" ಎಂದು ಕೇಳಿದ.

ಮೋಕ್ಷಿತಾ ದುಪಟ್ಟಾದ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ನಾನ್ ಎಂತ ಹೇಳುದ್? ಅತ್ತಿ ಹೇಳ್ದಾಂಗೆ."